ಜಾರುವ ಪಿಯಾನೋ, ಅಟ್ಟದ ಹಾರ್ಮೋನಿಯಂ

ಒಂದು ಸಣ್ಣ ಸಭಾಂಗಣ. ಮಕ್ಕಳ ಸಂಗೀತ ಸ್ಪರ್ಧೆ ನಡೆಯುತ್ತಿದೆ. ಒಬ್ಬ ಪುಟ್ಟ ಹುಡುಗ ವೇದಿಕೆ ಹತ್ತಿ ಪಿಯಾನೋ ಮುಂದೆ ಕೂರುತ್ತಾನೆ. ಅವನು ನುಡಿಸಲು ಹೊರಟಿರುವುದು ಶೋಪನ್ ಎಂಬ ಸಂಗೀತಗಾರ ಬರೆದ ಒಂದು ಪೋಲೊನೇಸ್, ಅಂದರೆ ಪೋಲೆಂಡಿನ ಕುಣಿತದ ಧಾಟಿಯ ರಚನೆ. ಆ ವಯಸ್ಸಿಗೆ ಅದು ಜಾಸ್ತಿಯೇ ಆಯಿತು. ಆದರೂ ಶುರು ಮಾಡುತ್ತಾನೆ. ಅದೆಷ್ಟು ಜೋರಾಗಿ ನುಡಿಸುತ್ತಾನೆ ಅಂದರೆ, ಕಾಲಿಗೆ ಗಾಲಿ ಇರುವ ಆ ಪಿಯಾನೋ ಮೆಲ್ಲಗೆ ಜಾರತೊಡಗುತ್ತದೆ. ಹುಡುಗ ನಿಲ್ಲಿಸುವುದಿಲ್ಲ. ಎದ್ದು ನಿಲ್ಲುತ್ತಾನೆ. ಪಿಯಾನೋ ಹೋದ ಕಡೆಗೆ ತಾನೂ ಹೆಜ್ಜೆ ಹಾಕುತ್ತಾ ನುಡಿಸುತ್ತಲೇ ಇರುತ್ತಾನೆ.

'ಶೈನ್' ಸಿನಿಮಾವನ್ನು ನಾನು ಈವರೆಗೆ ನಾಲ್ಕು ಸಲ ನೋಡಿದ್ದೇನೆ. ಮೊದಲ ಸಲ ಈ ದೃಶ್ಯಕ್ಕೆ ನಗು ಬಂದಿತ್ತು. ಎರಡನೇ ಸಲ ಬರಲಿಲ್ಲ. ಅಷ್ಟು ಹೊತ್ತಿಗೆ ಈ ಹುಡುಗನಿಗೆ ಮುಂದೆ ಏನಾಗುತ್ತದೆ ಅಂತ ನನಗೆ ಗೊತ್ತಿತ್ತು.

ಇದು 1996ರಲ್ಲಿ ಬಂದ ಆಸ್ಟ್ರೇಲಿಯಾದ ಸಿನಿಮಾ. ನಿರ್ದೇಶಕ ಸ್ಕಾಟ್ ಹಿಕ್ಸ್. ಡೇವಿಡ್ ಹೆಲ್ಫ್‌ಗಾಟ್ ಎಂಬ ನಿಜವಾದ ಪಿಯಾನೋ ವಾದಕನ ಬದುಕನ್ನು ಇಟ್ಟುಕೊಂಡು ಮಾಡಿದ್ದು. ಈ ಡೇವಿಡ್ 1947ರಲ್ಲಿ ಮೆಲ್ಬರ್ನ್‌ನಲ್ಲಿ ಹುಟ್ಟಿ, ಪರ್ತ್‌ನಲ್ಲಿ ಬೆಳೆದವನು. ಚಿಕ್ಕಂದಿನಲ್ಲೇ ಎಲ್ಲರ ಕಣ್ಣಿಗೆ ಬಿದ್ದ. ಹದಿಹರೆಯ ಮುಗಿಯುವ ಹೊತ್ತಿಗೆ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಮ್ಯೂಸಿಕ್‌ಗೆ ಹೋದ. ಅಲ್ಲಿ ಅವನ ಮನಸ್ಸು ಹದ ತಪ್ಪಿತು. ಆಮೇಲೆ ವರ್ಷಗಟ್ಟಲೆ ಆಸ್ಪತ್ರೆ, ಮಾತ್ರೆ, ಮರೆವು. ಕೊನೆಗೆ ಒಂದು ದಿನ ಒಂದು ವೈನ್ ಬಾರಿನ ಮೂಲೆಯಲ್ಲಿದ್ದ ಪಿಯಾನೋ. ಅಲ್ಲಿಂದ ಮತ್ತೆ ವೇದಿಕೆ.

'ನೋಡಿದರೆ ಮನಸ್ಸಿಗೆ ಹುರುಪು ಬರುತ್ತೆ' ಅಂತ ಯಾರೋ ಹೇಳಿದ್ದಕ್ಕೆ ನಾನು ಇದನ್ನು ನೋಡಿದ್ದು. ಹುರುಪು ಬಂದಿದ್ದು ನಿಜ. ಆದರೆ ಎಲ್ಲರೂ ಹೇಳುವ ಜಾಗದಲ್ಲಿ ಬರಲಿಲ್ಲ. ಕೊನೆಯಲ್ಲಿ ಸಭಿಕರು ಎದ್ದು ನಿಂತು ಚಪ್ಪಾಳೆ ತಟ್ಟುವಾಗ ನನ್ನ ಕಣ್ಣು ಒಣಗಿತ್ತು. ನಾನು ಅತ್ತದ್ದು ಅದಕ್ಕಿಂತ ತುಂಬಾ ಮುಂಚೆ, ಒಂದು ಬೀಗ ನೋಡಿ.

ಅದು ಯಾಕೆ ಅಂತ ಹೇಳಬೇಕಾದರೆ ನನ್ನ ಮಾವನ ವಿಷಯ ಹೇಳಬೇಕು.

ಮಾವ ಅಂದರೆ ಅಮ್ಮನ ತಮ್ಮ. ಹಾರ್ಮೋನಿಯಂ ನುಡಿಸುತ್ತಿದ್ದ. ಯಾರ ಹತ್ತಿರವೂ ಕಲಿತದ್ದಲ್ಲ. ರೇಡಿಯೋದಲ್ಲಿ ಒಂದು ಹಾಡು ಬಂದರೆ ಅದು ಮುಗಿಯುವುದರೊಳಗೆ ಅವನ ಬೆರಳಿಗೆ ಸಿಕ್ಕಿರುತ್ತಿತ್ತು. ಇಪ್ಪತ್ತಮೂರನೇ ವಯಸ್ಸಿನಲ್ಲಿ ಅವನಿಗೆ ನಿದ್ದೆ ಹೋಯಿತು. ಆಮೇಲೆ ಮಾತು ಜಾಸ್ತಿಯಾಯಿತು. ಆಮೇಲೆ ಯಾರೂ ಇಲ್ಲದ ಕಡೆ ಯಾರೋ ಕರೆದರು ಅನ್ನತೊಡಗಿದ. ನಾನು ಹುಟ್ಟುವ ಹೊತ್ತಿಗೆ ಇದೆಲ್ಲ ಆಗಿ ಹೋಗಿತ್ತು. ನನಗೆ ಗೊತ್ತಿದ್ದ ಮಾವ ಬೇಗ ಬೇಗ ಮಾತಾಡುವವನು, ಹೇಳಿದ್ದನ್ನೇ ಮೂರು ಸಲ ಹೇಳುವವನು, ಸಿಕ್ಕಿದವರ ಕೈಯನ್ನು ಹಿಡಿದುಕೊಂಡರೆ ಬಿಡದವನು. ಮನೆಗೆ ನೆಂಟರು ಬಂದರೆ ಅವನು ಒಳಗಿನ ಕೋಣೆಗೆ ಹೋಗಬೇಕಿತ್ತು. ಹೋಗು ಅಂತ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅವನಿಗೇ ಗೊತ್ತಾಗುತ್ತಿತ್ತು.

'ಶೈನ್' ಶುರುವಾಗುವುದೇ ಅಂಥ ಮಾತಿನಿಂದ. ಮಳೆ ಸುರಿಯುತ್ತಿದೆ. ಒದ್ದೆಯಾದ ಒಬ್ಬ ಮನುಷ್ಯ ಬಾರೊಂದರ ಗಾಜಿನ ಕಿಟಕಿ ತಟ್ಟುತ್ತಾನೆ. ಅವನ ಬಾಯಿಂದ ಮಾತು ಒಂದರ ಮೇಲೊಂದು ಉರುಳಿ ಬೀಳುತ್ತಿದೆ. ಒಂದು ಪದದ ಸದ್ದು ಇನ್ನೊಂದು ಪದವನ್ನು ಎಳೆದುಕೊಂಡು ಬರುತ್ತದೆ, ಅದು ಮತ್ತೊಂದನ್ನು. ನಡುವೆ ಸಣ್ಣ ನಗು. ಈ ಪಾತ್ರ ಮಾಡಿದ ಜೆಫ್ರಿ ರಶ್ ಆಗ ಆಸ್ಟ್ರೇಲಿಯಾದ ರಂಗಭೂಮಿಯಲ್ಲಿ ಹೆಸರು ಮಾಡಿದ್ದ ನಟ. ಹೊರಗಿನ ಜಗತ್ತಿಗೆ ಅಷ್ಟಾಗಿ ಗೊತ್ತಿರಲಿಲ್ಲ. ಆ ಮೊದಲ ನಿಮಿಷ ನೋಡಿ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಇದು ನನಗೆ ಗೊತ್ತಿರುವ ಮಾತು. ಇದನ್ನು ಕೇಳುತ್ತಲೇ ನಾನು ಬೆಳೆದಿದ್ದೇನೆ. ಹುಚ್ಚನ ಪಾತ್ರ ಅಂದರೆ ಕಣ್ಣು ಕೆಂಪು ಮಾಡಿ ಕಿರುಚುವುದು ಅಂತ ತೋರಿಸುವ ಸಿನಿಮಾಗಳನ್ನೇ ಜಾಸ್ತಿ ನೋಡಿದ್ದ ನನಗೆ, ಇಷ್ಟು ಪ್ರೀತಿಯಿಂದ, ಇಷ್ಟು ಗಮನವಿಟ್ಟು ಒಬ್ಬ ನಟ ಆ ಮಾತನ್ನು ಕೇಳಿಸಿಕೊಂಡಿದ್ದಾನಲ್ಲ ಅನ್ನಿಸಿತು.

ಅಲ್ಲಿಂದ ಕತೆ ಹಿಂದಕ್ಕೆ ಹೋಗುತ್ತದೆ. ಅಪ್ಪ ಪೀಟರ್ ಪೋಲೆಂಡಿನಿಂದ ಬಂದ ಯಹೂದಿ. ಆರ್ಮಿನ್ ಮುಲ್ಲರ್-ಸ್ಟಾಲ್ ಈ ಪಾತ್ರ ಮಾಡಿದ್ದಾರೆ. ಚಿಕ್ಕವನಿದ್ದಾಗ ಪೀಟರ್ ಕಾಸಿಗೆ ಕಾಸು ಕೂಡಿಸಿ ಒಂದು ಪಿಟೀಲು ಕೊಂಡಿದ್ದ. ಅವನ ಅಪ್ಪ ಅದನ್ನು ಒಡೆದು ಹಾಕಿದ. ಈ ಕತೆಯನ್ನು ಅವನು ಮಗನಿಗೆ ಮತ್ತೆ ಮತ್ತೆ ಹೇಳುತ್ತಾನೆ, ನೀನು ಎಷ್ಟು ಅದೃಷ್ಟವಂತ ನೋಡು ಅಂತ. ಮಗ ಅದನ್ನು ಪಾಠದ ಹಾಗೆ ಒಪ್ಪಿಸಬೇಕು. ಅಮೆರಿಕಕ್ಕೆ ಹೋಗಿ ಕಲಿಯುವ ಅವಕಾಶ ಬಂದಾಗ ಅಪ್ಪ ಬೇಡ ಅನ್ನುತ್ತಾನೆ. ಕುಟುಂಬ ಒಡೆಯಬಾರದು. ಯುರೋಪಿನಲ್ಲಿ ತನ್ನವರನ್ನು ಕಳೆದುಕೊಂಡವನ ಭಯ ಅದು. ಆ ಭಯವೇ ಮನೆಯಲ್ಲಿ ಕೋಪವಾಗಿ ತಿರುಗುತ್ತದೆ. ಕಾದಂಬರಿಕಾರ್ತಿ ಕ್ಯಾಥರೀನ್ ಸುಸಾನಾ ಪ್ರಿಚರ್ಡ್ ಎಂಬ ವಯಸ್ಸಾದ ಗೆಳತಿಯ ಬೆಂಬಲದಿಂದ ಹುಡುಗ ಕೊನೆಗೂ ಲಂಡನ್ನಿಗೆ ಹೊರಡುತ್ತಾನೆ. ಹೊರಟರೆ ನೀನು ನನ್ನ ಮಗನೇ ಅಲ್ಲ ಅಂತ ಅಪ್ಪ ಬಾಗಿಲು ಹಾಕುತ್ತಾನೆ.

ಲಂಡನ್ನಿನ ಗುರುವಿನ ಪಾತ್ರದಲ್ಲಿ ಜಾನ್ ಗೀಲ್ಗುಡ್ ಇದ್ದಾರೆ. ಸಿನಿಮಾದಲ್ಲಿ ಗುರುವಿನ ಹೆಸರು ಬೇರೆ. ನಿಜವಾದ ಗುರು ಸಿರಿಲ್ ಸ್ಮಿತ್. ಅವರ ವಿಷಯ ಓದಿದಾಗ ನನಗೆ ಮೈ ಜುಮ್ಮೆಂದಿತು. ರಷ್ಯಾದ ಸಂಗೀತಗಾರ ರಖ್ಮಾನಿನೋಫ್ ಬರೆದ ಸಂಗೀತವನ್ನು ನುಡಿಸುವುದರಲ್ಲಿ ಇಂಗ್ಲೆಂಡಿನಲ್ಲಿ ಅವರದು ದೊಡ್ಡ ಹೆಸರು. 1956ರಲ್ಲಿ ಪಾರ್ಶ್ವವಾಯು ಬಡಿದು ಎಡಗೈ ನಿಂತುಹೋಯಿತು. ಹೆಂಡತಿ ಫಿಲಿಸ್ ಸೆಲಿಕ್ ಕೂಡ ಪಿಯಾನೋ ವಾದಕಿ. ಆಮೇಲೆ ಅವರಿಬ್ಬರೂ ಜೊತೆಯಾಗಿ ಕೂತು ಮೂರು ಕೈಯಲ್ಲಿ ನುಡಿಸತೊಡಗಿದರು. ಹೆಂಡತಿಯ ಎರಡು ಕೈ, ಗಂಡನ ಒಂದು ಕೈ. ಮೂರು ಕೈಗಾಗಿಯೇ ಸಂಗೀತ ಬರೆಸಿಕೊಂಡರು. ಡೇವಿಡ್ ಕಲಿತದ್ದು ಅಂಥವರ ಹತ್ತಿರ. ಸಿನಿಮಾ ಆ ನಿಂತ ಕೈಯನ್ನು ತೋರಿಸುತ್ತದೆ, ಜೊತೆಗಿದ್ದ ಎರಡು ಕೈಗಳನ್ನು ತೋರಿಸುವುದಿಲ್ಲ. ಅದೊಂದು ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಅಂತ ಈಗಲೂ ಅನ್ನಿಸುತ್ತದೆ.

ಇನ್ನು ಸಿನಿಮಾದ ನಡುವೆ ನಿಂತಿರುವ ಕನ್ಚೆರ್ಟೋ, ಅಂದರೆ ಒಂದು ವಾದ್ಯ ಇಡೀ ವಾದ್ಯವೃಂದದ ಜೊತೆ ನುಡಿಯುವ ದೊಡ್ಡ ರಚನೆ. ರಖ್ಮಾನಿನೋಫ್‌ನ ಮೂರನೇ ಪಿಯಾನೋ ಕನ್ಚೆರ್ಟೋ. ಸಿನಿಮಾದಲ್ಲಿ ಅದೊಂದು ಬೆಟ್ಟ. ಅಪ್ಪನಿಗೆ ಮಗ ಅದನ್ನು ನುಡಿಸಬೇಕು. ಮೊದಲು ಮೊಜಾರ್ಟ್ ಕಲಿಯಲಿ ಅಂತ ಊರಿನ ಮೇಷ್ಟ್ರು ಹೇಳಿದರೂ ಅಪ್ಪನ ತಲೆಯಲ್ಲಿ ಅದೇ. ಮಗನ ತಲೆಯಲ್ಲೂ ಅದೇ ಕೂತುಬಿಡುತ್ತದೆ.

ಸಿನಿಮಾ ನೋಡಿದ ಮೇಲೆ ನಾನು ಅದನ್ನು ಕೇಳಲು ಶುರು ಮಾಡಿದೆ. ಪಾಶ್ಚಾತ್ಯ ಸಂಗೀತದ ಗಂಧ ನನಗೆ ಅಷ್ಟಾಗಿ ಇರಲಿಲ್ಲ. ಭಾರಿ ಅಬ್ಬರದಿಂದ ಶುರುವಾಗುತ್ತೆ ಅಂದುಕೊಂಡಿದ್ದೆ. ಹಾಗಲ್ಲ. ಮೊದಲು ವಾದ್ಯವೃಂದ ತಗ್ಗಿದ ದನಿಯಲ್ಲಿ ಸುಮ್ನೆ ಮಿಡಿಯುತ್ತದೆ. ಅದರ ಮೇಲೆ ಪಿಯಾನೋ ಬರುತ್ತದೆ. ಎರಡೂ ಕೈ ಒಂದೇ ಧಾಟಿಯನ್ನು ನುಡಿಸುತ್ತವೆ, ಒಂದು ಮೇಲಿನ ಸ್ಥಾಯಿಯಲ್ಲಿ, ಒಂದು ಕೆಳಗಿನದರಲ್ಲಿ. ಪಕ್ಕಪಕ್ಕದ ಸ್ವರಗಳಲ್ಲೇ ಓಡಾಡುವ ಧಾಟಿ. ಯಾರು ಬೇಕಾದರೂ ಗುನುಗಬಹುದು. ಯಾವುದೋ ಹಳೇ ಜನಪದ ಹಾಡಿನದೋ, ಚರ್ಚಿನ ಹಾಡಿನದೋ ಅಂತ ಕೇಳಿದವರಿಗೆ ರಖ್ಮಾನಿನೋಫ್, ಇಲ್ಲ, ಅದು ತಾನಾಗಿಯೇ ಬರೆಸಿಕೊಂಡಿತು ಅಂದನಂತೆ. ಹಾಡುಗಾರ ಹಾಡಿದ ಹಾಗೆ ಪಿಯಾನೋದಲ್ಲಿ ಹಾಡಬೇಕು ಅನ್ನುವುದು ಅವನ ಆಸೆ.

ಆಮೇಲೆ ಆ ಸರಳ ಧಾಟಿಯ ಮೇಲೆ ಸ್ವರಗಳು ಒಂದರ ಮೇಲೊಂದು ಬಂದು ಕೂರುತ್ತವೆ. ನಲವತ್ತು ನಿಮಿಷದ ಆಸುಪಾಸು ಇದು ನಡೆಯುತ್ತದೆ. ಬೆರಳಿಗೆ ಬಿಡುವೇ ಇಲ್ಲ. ರಖ್ಮಾನಿನೋಫ್‌ನ ಕೈ ತುಂಬಾ ದೊಡ್ಡದು. ತನ್ನ ಕೈಗೆ ತಕ್ಕ ಹಾಗೆ ಬರೆದುಕೊಂಡ. 1909ರ ಬೇಸಿಗೆಯಲ್ಲಿ ಇವಾನೊವ್ಕಾ ಎಂಬ ಹಳ್ಳಿಯ ಮನೆಯಲ್ಲಿ ಕೂತು ಬರೆದು, ಅದೇ ವರ್ಷ ನವೆಂಬರ್ 28ರಂದು ನ್ಯೂಯಾರ್ಕಿನಲ್ಲಿ ಮೊದಲ ಸಲ ನುಡಿಸಿದ. ಅಭ್ಯಾಸಕ್ಕೆ ಹೊತ್ತು ಸಾಲದೆ, ಹಡಗಿನಲ್ಲಿ ಹೋಗುವಾಗ ಸದ್ದು ಬಾರದ ಒಂದು ಕೀಬೋರ್ಡ್ ಇಟ್ಟುಕೊಂಡು ಬೆರಳು ಪಳಗಿಸಿದನಂತೆ. ಸುತ್ತಲೂ ಸಮುದ್ರ. ಅವನೊಬ್ಬನಿಗೇ ಕೇಳುವ ಸಂಗೀತ. ನನಗೆ ಆ ಚಿತ್ರ ತುಂಬಾ ದಿನ ಕಣ್ಣಿನಿಂದ ಹೋಗಲಿಲ್ಲ. ಯೋಸೆಫ್ ಹಾಫ್ಮನ್ ಎಂಬ ಇನ್ನೊಬ್ಬ ಮಹಾನ್ ವಾದಕನಿಗೆ ಇದನ್ನು ಅರ್ಪಿಸಿದ. ಹಾಫ್ಮನ್ ಅದನ್ನು ಒಮ್ಮೆಯೂ ಸಭೆಯಲ್ಲಿ ನುಡಿಸಲಿಲ್ಲ.

ಇನ್ನೊಂದು ಸಂಗತಿ ಸಿನಿಮಾದಲ್ಲಿ ಇಲ್ಲ. ರಖ್ಮಾನಿನೋಫ್ ಕೂಡ ಒಮ್ಮೆ ಕುಸಿದವನೇ. 1897ರಲ್ಲಿ ಅವನ ಮೊದಲ ಸಿಂಫನಿ, ಅಂದರೆ ವಾದ್ಯವೃಂದಕ್ಕೆ ಬರೆದ ದೊಡ್ಡ ರಚನೆ, ನೆಲಕಚ್ಚಿತು. ಆಮೇಲೆ ಸುಮಾರು ಮೂರು ವರ್ಷ ಹೆಚ್ಚೇನೂ ಬರೆಯಲು ಆಗಲಿಲ್ಲ. 1900ರಲ್ಲಿ ನಿಕೊಲಾಯ್ ದಾಲ್ ಎಂಬ ವೈದ್ಯರ ಹತ್ತಿರ ಹೋದ. ಆ ವೈದ್ಯರು ಅವನ ಜೊತೆ ದಿನಾ ಕೂತು ಮಾತಾಡಿದರು, ಸಮ್ಮೋಹನ ಚಿಕಿತ್ಸೆ ಕೊಟ್ಟರು. ಅವನು ಮತ್ತೆ ಬರೆದ. ಆಗ ಹುಟ್ಟಿದ ಎರಡನೇ ಕನ್ಚೆರ್ಟೋವನ್ನು ಆ ವೈದ್ಯರಿಗೇ ಅರ್ಪಿಸಿದ. ಮೂರನೆಯದು ಬಂದದ್ದು ಅದಾಗಿ ಎಂಟೊಂಬತ್ತು ವರ್ಷದ ಮೇಲೆ. ಕುಸಿದು ಎದ್ದವನೊಬ್ಬ ಬರೆದದ್ದನ್ನು ನುಡಿಸುತ್ತಾ ಸಿನಿಮಾದಲ್ಲಿ ಇನ್ನೊಬ್ಬ ಕುಸಿದ. ನನಗೆ ಇದು ಬರಿಯ ಕಾಕತಾಳೀಯ ಅಂತ ಗೊತ್ತು. ಗೊತ್ತಿದ್ದರೂ ಮನಸ್ಸು ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟುಕೊಳ್ಳುತ್ತದೆ.

ಕುಸಿಯುವ ಆ ದೃಶ್ಯವನ್ನು ಸ್ಕಾಟ್ ಹಿಕ್ಸ್ ತೆಗೆದಿರುವ ರೀತಿ ನೋಡಬೇಕು. ಹದಿಹರೆಯದ ಡೇವಿಡ್ ಆಗಿ ನೋವಾ ಟೇಲರ್ ನುಡಿಸುತ್ತಿದ್ದಾನೆ. ಬೆವರು. ಕೂದಲು ಹಣೆಗೆ ಅಂಟಿದೆ. ಸಂಗೀತ ಏರುತ್ತಾ ಹೋಗುತ್ತದೆ. ಇದ್ದಕ್ಕಿದ್ದ ಹಾಗೆ ಸಂಗೀತವೇ ಇಲ್ಲ. ಪೂರ್ತಿ ಮಾಯ. ಉಳಿಯುವುದು ಕೀಗಳ ಮೇಲೆ ಬೆರಳು ಬೀಳುವ ಟಪ್ ಟಪ್ ಸದ್ದು ಮಾತ್ರ. ಮರದ ಸದ್ದು. ಪಿಯಾನೋ ಅಂದರೆ ಒಳಗೆ ಅಷ್ಟೇ ತಾನೇ? ಒಂದು ಕೀ ಒತ್ತಿದರೆ ಸನ್ನೆಕೋಲಿನ ಹಾಗೆ ಒಂದು ಪುಟ್ಟ ಸುತ್ತಿಗೆ ಎದ್ದು ತಂತಿಗೆ ಬಡಿಯುತ್ತದೆ. ಕೇಳುವ ನಮಗೆ ಅದು ನಾದ. ಆ ಕ್ಷಣದಲ್ಲಿ ಹುಡುಗನಿಗೆ ಬರೀ ಬಡಿತ. ಅವನ ಒಳಗೆ ಏನಾಗುತ್ತಿದೆ ಅಂತ ಯಾವ ಡೈಲಾಗೂ ಹೇಳುವುದಿಲ್ಲ. ಆ ಟಪ್ ಟಪ್ ಸಾಕು. ನುಡಿಸಿ ಮುಗಿಸುತ್ತಾನೆ. ಬೀಳುತ್ತಾನೆ.

ಮಾವ ಹೇಳಿದ್ದು ನೆನಪಾಯಿತು. ಒಮ್ಮೆ, ಅವನು ಶಾಂತವಾಗಿದ್ದ ದಿನ, ನಾನು ಕೇಳಿದ್ದೆ: ಮಾವ, ಮೊದಲ ಸಲ ಹುಷಾರು ತಪ್ಪಿದಾಗ ಹೇಗಿತ್ತು? ಅವನು ತುಂಬಾ ಹೊತ್ತು ಸುಮ್ಮನಿದ್ದು, "ಹಾಡು ಕೇಳ್ತಿತ್ತು, ಕೇಳ್ತಿತ್ತು. ಆಮೇಲೆ ಸದ್ದು ಮಾತ್ರ ಕೇಳ್ತಿತ್ತು ಕಣೋ" ಅಂದ. ಆಗ ನನಗೆ ಅರ್ಥವಾಗಿರಲಿಲ್ಲ. ಈ ಸಿನಿಮಾ ನೋಡಿದ ರಾತ್ರಿ ಅರ್ಥವಾಯಿತು.

ಆಸ್ಪತ್ರೆಯ ವರ್ಷಗಳನ್ನು ಸಿನಿಮಾ ಬೇಗ ದಾಟಿಸುತ್ತದೆ. ಶಾಕ್ ಚಿಕಿತ್ಸೆ ಒಂದು ಕ್ಷಣ ಬಂದು ಹೋಗುತ್ತದೆ. ವೈದ್ಯರು ಪಿಯಾನೋ ಮುಟ್ಟಬೇಡ ಅಂದಿದ್ದಾರೆ. ಮುಂದೆ ಆಸ್ಪತ್ರೆಯಿಂದ ಹೊರಬಂದು ಒಂದು ವಸತಿಯಲ್ಲಿ ಇರುವಾಗ ಅಲ್ಲೊಂದು ಪಿಯಾನೋ ಇದೆ. ಹೊತ್ತು ಗೊತ್ತಿಲ್ಲದೆ ನುಡಿಸುತ್ತಾನೆ. ಉಳಿದವರಿಗೆ ತೊಂದರೆ. ಅದಕ್ಕೆ ಬೀಗ ಬೀಳುತ್ತದೆ.

ಆ ಬೀಗ ನೋಡಿ ನನಗೆ ಅಳು ಬಂತು ಅಂದೆನಲ್ಲ, ಅದು ಈ ಜಾಗ.

ನಮ್ಮ ಮನೆಯಲ್ಲೂ ಹಾಗೇ ಆಗಿತ್ತು. ಹಾರ್ಮೋನಿಯಂ ಮುಂದೆ ಕೂತರೆ ಮಾವ ಏಳುತ್ತಿರಲಿಲ್ಲ. ಊಟ ಬಿಡುತ್ತಿದ್ದ. ರಾತ್ರಿಯೆಲ್ಲ ನುಡಿಸುತ್ತಿದ್ದ. ಅಕ್ಕಪಕ್ಕದವರು ಬಂದು ಹೇಳುತ್ತಿದ್ದರು. ಸಂಗೀತವೇ ಅವನ ತಲೆ ಕೆಡಿಸಿದ್ದು ಅಂತ ಯಾರೋ ಅಂದರು. ಒಂದು ದಿನ ಅವನು ಆಸ್ಪತ್ರೆಯಲ್ಲಿದ್ದಾಗ ಹಾರ್ಮೋನಿಯಂಗೆ ಹಳೇ ಸೀರೆ ಸುತ್ತಿ ಅಟ್ಟಕ್ಕೆ ಏರಿಸಿದರು. ಏಣಿ ಹಿಡಿದುಕೊಂಡಿದ್ದು ನನ್ನ ಅಮ್ಮ. ಅವನ ಒಳ್ಳೆಯದಕ್ಕೇ ಮಾಡಿದ್ದು. ಅದರಲ್ಲಿ ನನಗೆ ಅನುಮಾನವಿಲ್ಲ. ಮಾವ ವಾಪಸು ಬಂದ. ಎಲ್ಲಿ ಅಂತ ಕೇಳಲಿಲ್ಲ. ಹಾರ್ಮೋನಿಯಂ ಇರುತ್ತಿದ್ದ ಮೂಲೆಯಲ್ಲಿ ನೆಲದ ಬಣ್ಣ ಬೇರೆಯಾಗಿತ್ತು, ಆ ಚೌಕದ ಮೇಲೆ ಹೋಗಿ ಕೂರುತ್ತಿದ್ದ, ಅಷ್ಟೇ. ಹದಿನೆಂಟು ವರ್ಷ ಅದು ಅಟ್ಟದಲ್ಲಿತ್ತು.

ಸಿನಿಮಾದಲ್ಲಿ ಡೇವಿಡ್ ಸುಮ್ಮನೆ ಕೂರುವುದಿಲ್ಲ. ಹೊರಗೆ ಹೊರಟುಬಿಡುತ್ತಾನೆ. ಬಾರಿನ ಹೆಸರು ಮೋಬೀಸ್. ನಿಜ ಜೀವನದಲ್ಲಿ ಅದು ಪರ್ತ್‌ನ ರಿಕಾರ್ಡೋಸ್ ಎಂಬ ವೈನ್ ಬಾರ್. ಬಾಯಲ್ಲಿ ಸಿಗರೇಟು, ಕೆದರಿದ ಕೂದಲು, ಗೊಣಗಾಟ. ಒಳಗಿದ್ದವರು ಒಬ್ಬರ ಮುಖ ಒಬ್ಬರು ನೋಡಿ ನಗುತ್ತಾರೆ. ಅವನು ಪಿಯಾನೋ ಮುಂದೆ ಕೂರುತ್ತಾನೆ. ಈಗ ಏನೋ ಎಡವಟ್ಟಾಗುತ್ತೆ ಅಂತ ಎಲ್ಲರೂ ಕಾಯುತ್ತಿದ್ದಾರೆ. ಅಷ್ಟರಲ್ಲಿ ಬೆರಳುಗಳು ಹೊರಡುತ್ತವೆ. ರಿಮ್ಸ್ಕಿ-ಕೊರ್ಸಕೋಫ್ ಎಂಬ ರಷ್ಯಾದ ಸಂಗೀತಗಾರ ಬರೆದ 'ದುಂಬಿಯ ಹಾರಾಟ'. ಒಂದೂವರೆ ನಿಮಿಷದ ತುಣುಕು. ದುಂಬಿ ಕಿವಿಯ ಹತ್ತಿರ ಬಂದು ಹೋದ ಹಾಗೆ ಸ್ವರಗಳು ಗುಂಯ್ಗುಡುತ್ತವೆ. ತೆರೆಯ ಮೇಲೆ ಕಾಣುವ ಬೆರಳುಗಳು ರಶ್‌ನವೇ. ಚಿಕ್ಕಂದಿನಲ್ಲಿ ಕಲಿತು ಬಿಟ್ಟಿದ್ದ ಪಿಯಾನೋವನ್ನು ಈ ಪಾತ್ರಕ್ಕಾಗಿ ಮತ್ತೆ ಕಲಿಯಲು ಕೂತ. ಸಿನಿಮಾದಲ್ಲಿ ಕೇಳುವ ಪಿಯಾನೋ ಬಹುಪಾಲು ಡೇವಿಡ್ ಹೆಲ್ಫ್‌ಗಾಟ್ ನುಡಿಸಿದ್ದು. ಒಬ್ಬನ ಬೆರಳು, ಇನ್ನೊಬ್ಬನ ನಾದ.

ಮುಗಿದ ಮೇಲೆ ಒಂದು ಗಳಿಗೆ ಮೌನ. ಆಮೇಲೆ ಕೇಕೆ, ಚಪ್ಪಾಳೆ.

ಈ ದೃಶ್ಯವನ್ನು ಎಲ್ಲರೂ ಮೆಚ್ಚುತ್ತಾರೆ. ನಗುವವರ ಬಾಯಿ ಮುಚ್ಚಿಸಿದ ಅಂತ. ನನಗೂ ಅಲ್ಲಿ ರೋಮಾಂಚನವಾಗುತ್ತದೆ. ಆದರೆ ನನಗೆ ಅದಕ್ಕಿಂತ ದೊಡ್ಡದು ಮರುದಿನ. ಅದರ ಮರುದಿನ. ಅವನು ಮತ್ತೆ ಬರುತ್ತಾನೆ. ಬಾರಿನವರು ಅವನನ್ನು ಇಟ್ಟುಕೊಳ್ಳುತ್ತಾರೆ. ಅವನು ನುಡಿಸುತ್ತಾನೆ, ಸಿಗರೇಟು ಸೇದುತ್ತಾನೆ, ಗಿರಾಕಿಗಳನ್ನು ತಬ್ಬಿಕೊಳ್ಳುತ್ತಾನೆ, ಹೇಳಿದ್ದನ್ನೇ ಹೇಳುತ್ತಾನೆ. ಅವನು ಸರಿಹೋಗಿಲ್ಲ. ಸರಿಹೋಗಲಿ ಅಂತ ಅವರು ಕಾಯುತ್ತಲೂ ಇಲ್ಲ. ಅಲ್ಲಿ ಒಂದು ಪಿಯಾನೋ ಇದೆ, ಬೀಗ ಇಲ್ಲ, ಬಾ ಕೂತ್ಕೋ, ಅಷ್ಟೇ. ಬಾರಿನ ಸಿಲ್ವಿಯಾ ಎಂಬ ಹೆಂಗಸು ಅವನನ್ನು ಮನುಷ್ಯನ ಹಾಗೆ ಮಾತಾಡಿಸುತ್ತಾಳೆ. ಅವಳೇ ಮುಂದೆ ಗಿಲಿಯನ್ ಎಂಬ ಗೆಳತಿಯ ಪರಿಚಯ ಮಾಡಿಸುತ್ತಾಳೆ. ಗಿಲಿಯನ್ ಪಾತ್ರ ಲಿನ್ ರೆಡ್‌ಗ್ರೇವ್ ಅವರದು. ನಿಜ ಜೀವನದಲ್ಲಿ ಡೇವಿಡ್ ಮತ್ತು ಗಿಲಿಯನ್ 1984ರಲ್ಲಿ ಮದುವೆಯಾದರು.

ಟ್ರ್ಯಾಂಪೊಲಿನ್ ಮೇಲೆ ಅವನು ಜಿಗಿಯುವ ದೃಶ್ಯ ಬರುವುದು ಇಲ್ಲೇ. ಮೈಮೇಲೆ ಉದ್ದನೆಯ ಕೋಟು ಬಿಟ್ಟರೆ ಬೇರೇನೂ ಇಲ್ಲ. ಕಿವಿಗೆ ಹೆಡ್‌ಫೋನ್. ಕ್ಯಾಮೆರಾ ಅವನನ್ನು ನಿಧಾನವಾಗಿ ಮೇಲೆ ಎತ್ತುತ್ತದೆ, ಕೆಳಗೆ ಇಳಿಸುತ್ತದೆ. ಹಿನ್ನೆಲೆಯಲ್ಲಿ ವಿವಾಲ್ಡಿ ಬರೆದ ಸಂಗೀತ, ಒಬ್ಬ ಹೆಂಗಸಿನ ಎತ್ತರದ ದನಿ. ಕೋಟು ರೆಕ್ಕೆಯ ಹಾಗೆ ಬಿಚ್ಚಿಕೊಳ್ಳುತ್ತದೆ. ಇಡೀ ಸಿನಿಮಾದಲ್ಲಿ ಅವನಿಂದ ಯಾರೂ ಏನನ್ನೂ ಕೇಳದ ದೃಶ್ಯ ಇದೊಂದೇ ಅಂತ ನನಗೆ ಅನ್ನಿಸುತ್ತದೆ. ಬಹುಮಾನ ಬೇಡ, ಅಭ್ಯಾಸ ಬೇಡ, ಅದೃಷ್ಟವಂತ ಅಂತ ಒಪ್ಪಿಸುವುದೂ ಬೇಡ. ಸುಮ್ನೆ ಜಿಗಿಯುತ್ತಾನೆ.

ಈ ಸಿನಿಮಾ ಹೇಳುವುದೆಲ್ಲ ನಿಜವಲ್ಲ. ಅದನ್ನು ಮುಚ್ಚಿಟ್ಟು ಬರೆಯಲು ನನಗೆ ಮನಸ್ಸಿಲ್ಲ. ಡೇವಿಡ್ ಲಂಡನ್ನಿನಲ್ಲಿ ಒಂದೇ ರಾತ್ರಿಯಲ್ಲಿ ಕುಸಿದವನಲ್ಲ. ಕಾಯಿಲೆ ನಿಧಾನವಾಗಿ ಬಂತು. ಗಿಲಿಯನ್‌ಗಿಂತ ಮುಂಚೆ ಅವನಿಗೆ ಒಂದು ಮದುವೆಯಾಗಿತ್ತು, 1971ರಲ್ಲಿ. ಆ ಹೆಂಡತಿ ಸಿನಿಮಾದಲ್ಲಿ ಇಲ್ಲವೇ ಇಲ್ಲ. ಎಲ್ಲಕ್ಕಿಂತ ದೊಡ್ಡ ತಕರಾರು ಅಪ್ಪನ ಬಗ್ಗೆ. ಡೇವಿಡ್‌ನ ಅಕ್ಕ ಮಾರ್ಗರೆಟ್ 1998ರಲ್ಲಿ ಒಂದು ಪುಸ್ತಕವನ್ನೇ ಬರೆದರು. ನಮ್ಮ ಅಪ್ಪ ಹಾಗಿರಲಿಲ್ಲ, ಮಗ ಲಂಡನ್ನಿನಿಂದ ವಾಪಸು ಬಂದಾಗ ಅವನನ್ನು ಮನೆಗೆ ಸೇರಿಸಿಕೊಂಡಿದ್ದರು ಅನ್ನುವುದು ಅವರ ಮಾತು. ಡೇವಿಡ್ ಮತ್ತು ಗಿಲಿಯನ್ ಸಿನಿಮಾದ ಪರ ನಿಂತರು. ಒಂದೇ ಮನೆಯಲ್ಲಿ ಬೆಳೆದವರ ನೆನಪುಗಳೂ ಬೇರೆ ಬೇರೆ ಇರಬಹುದಲ್ವಾ. ಹೊರಗಿನವನಾದ ನಾನು ತೀರ್ಪು ಕೊಡಲಾರೆ.

ಆದರೆ ಒಂದು ಮಾತನ್ನು ಗಟ್ಟಿಯಾಗಿ ಹೇಳಬಲ್ಲೆ. ಡೇವಿಡ್‌ಗೆ ಇರುವುದು ಸ್ಕಿಜೋಅಫೆಕ್ಟಿವ್ ಡಿಸಾರ್ಡರ್. ಯೋಚನೆಯ ಎಳೆ ತಪ್ಪುವುದು, ಇಲ್ಲದ್ದು ಕೇಳುವುದು ಒಂದು ಕಡೆ. ಮನಸ್ಸು ಮಿತಿಮೀರಿ ಏರುವುದು, ಪಾತಾಳಕ್ಕೆ ಇಳಿಯುವುದು ಇನ್ನೊಂದು ಕಡೆ. ಎರಡೂ ಸೇರಿರುವ ಕಾಯಿಲೆ. ಇದು ಅಪ್ಪ ಗದರಿದ್ದಕ್ಕೆ ಬರುವುದಿಲ್ಲ. ಮೈಯೊಳಗೆ, ರಕ್ತದಲ್ಲಿ ಬಂದದ್ದು ಬಹಳ ಇರುತ್ತದೆ. ಒತ್ತಡ ಅದನ್ನು ಕೆದಕಬಹುದು, ಅಷ್ಟೇ. ಸಿನಿಮಾ ನೋಡಿದವರಿಗೆ ಮಾತ್ರ, ಅಪ್ಪ ಒಡೆದ, ಹೆಂಡತಿ ಕೂಡಿಸಿದಳು ಅಂತ ಅನ್ನಿಸಿಬಿಡುತ್ತದೆ. ಇಷ್ಟು ಒಳ್ಳೆಯ ಸಿನಿಮಾದಲ್ಲಿ ನನಗೆ ನೋವು ಕೊಡುವುದು ಇದೊಂದೇ.

ಯಾಕೆ ಅಂದರೆ ನಮ್ಮ ಅಜ್ಜಿ ಸಾಯುವವರೆಗೂ ಈ ಮಾತನ್ನು ಹೊತ್ತುಕೊಂಡಿದ್ದರು. ಮಗನನ್ನು ಜಾಸ್ತಿ ಮುದ್ದು ಮಾಡಿ ಕೆಡಿಸಿದೆ ಅಂತ ಕೆಲವರು ಅಂದಿದ್ದರು. ಜಾಸ್ತಿ ಬಿಗಿ ಮಾಡಿದೆ ಅಂತ ಇನ್ನು ಕೆಲವರು. ಅಜ್ಜಿ ಎರಡನ್ನೂ ನಂಬಿದ್ದರು. ರಾತ್ರಿ ಹೊತ್ತು ದೀಪ ಆರಿಸಿದ ಮೇಲೆ, "ನಾನು ಏನು ತಪ್ಪು ಮಾಡಿದೆ ಹೇಳೇ" ಅಂತ ಅಮ್ಮನನ್ನು ಕೇಳುತ್ತಿದ್ದುದು ನನಗೆ ಗೋಡೆಯಾಚೆಯಿಂದ ಕೇಳಿಸುತ್ತಿತ್ತು. ಇದು ಯಾರ ತಪ್ಪೂ ಅಲ್ಲ ಅಂತ ಅವರಿಗೆ ಒಬ್ಬ ಡಾಕ್ಟರೂ ಕೂರಿಸಿಕೊಂಡು ಹೇಳಲಿಲ್ಲ. ನನಗೆ ಇದು ತಿಳಿಯುವ ಹೊತ್ತಿಗೆ ಅಜ್ಜಿ ಇರಲಿಲ್ಲ. ಹಾಗಾಗಿ ಪೀಟರ್ ತೆರೆಯ ಮೇಲೆ ಬಂದಾಗಲೆಲ್ಲ ನಾನು ಅವನ ಕಣ್ಣನ್ನು ನೋಡುತ್ತೇನೆ. ಮುಲ್ಲರ್-ಸ್ಟಾಲ್ ಆ ಕಣ್ಣಲ್ಲಿ ಬರೀ ಕ್ರೌರ್ಯ ಇಟ್ಟಿಲ್ಲ. ಮಗನ ಸುದ್ದಿಯ ಪತ್ರಿಕೆ ತುಣುಕುಗಳನ್ನು ಅಂಟಿಸಿಟ್ಟ ಪುಸ್ತಕವನ್ನು ಬೆಂಕಿಗೆ ಹಾಕುವಾಗಲೂ ಆ ಮುಖದಲ್ಲಿ ಕೋಪಕ್ಕಿಂತ ಜಾಸ್ತಿ ಇರುವುದು ದಿಕ್ಕುತಪ್ಪಿದವನ ಗಾಬರಿ. ಎಷ್ಟೋ ವರ್ಷದ ಮೇಲೆ, ಬಾರಿನಲ್ಲಿ ನುಡಿಸುವ ಮಗನ ಸುದ್ದಿ ಪತ್ರಿಕೆಯಲ್ಲಿ ಬಂದಾಗ ಅಪ್ಪ ಒಂದು ರಾತ್ರಿ ಅವನ ಕೋಣೆಗೆ ಬರುತ್ತಾನೆ. ಪಿಟೀಲಿನ ಆ ಹಳೇ ಕತೆ ಮತ್ತೆ ಎದ್ದು ಬರುತ್ತದೆ. ಮಗ ಈ ಸಲ ಆ ಕತೆಯ ಒಳಗೆ ಹೋಗುವುದಿಲ್ಲ. ಅಪ್ಪ ಕತ್ತಲಲ್ಲಿ ವಾಪಸು ನಡೆದು ಹೋಗುತ್ತಾನೆ.

ಸಿನಿಮಾ ಗೆದ್ದಿತು. ಆಸ್ಕರ್‌ಗೆ ಏಳು ವಿಭಾಗಗಳಲ್ಲಿ ಹೆಸರು ಬಂತು. ರಶ್‌ಗೆ ಅತ್ಯುತ್ತಮ ನಟ ಪ್ರಶಸ್ತಿ ಸಿಕ್ಕಿತು. 1997ರ ಆ ಸಮಾರಂಭದಲ್ಲಿ ಡೇವಿಡ್ ತಾನೇ ಬಂದು ದುಂಬಿಯ ಹಾರಾಟ ನುಡಿಸಿದ. ಅದೇ ವರ್ಷ ದೇಶದೇಶ ಸುತ್ತಿ ಕಛೇರಿ ಮಾಡಿದ. ಟಿಕೆಟ್‌ಗಳು ಖಾಲಿಯಾದವು. ವಿಮರ್ಶಕರು ಮಾತ್ರ ಕಟುವಾಗಿ ಬರೆದರು. ಲಯ ಹಿಡಿತದಲ್ಲಿಲ್ಲ, ನುಡಿಸುತ್ತಾ ಗೊಣಗುತ್ತಾನೆ, ಜನ ಬರುವುದು ಸಂಗೀತಕ್ಕಲ್ಲ, ಕಾಯಿಲೆಯವನನ್ನು ನೋಡುವುದಕ್ಕೆ ಅಂತ.

ಅವನು ನುಡಿಸಿದ ಮೂರನೇ ಕನ್ಚೆರ್ಟೋದ ರೆಕಾರ್ಡಿಂಗನ್ನು ನಾನು ಕೇಳಿದ್ದೇನೆ. ಹೊರೊವಿಟ್ಸ್ ಎಂಬ ಮಹಾನ್ ವಾದಕ ನುಡಿಸಿದ್ದನ್ನೂ ಕೇಳಿದ್ದೇನೆ. ಪಕ್ಕಪಕ್ಕ ಇಟ್ಟರೆ ವಿಮರ್ಶಕರ ಮಾತು ಸುಳ್ಳು ಅನ್ನಲು ನನ್ನ ಕಿವಿ ಒಪ್ಪುವುದಿಲ್ಲ. ಅಲ್ಲಲ್ಲಿ ಎಳೆ ಸಡಿಲ. ಅಲ್ಲಲ್ಲಿ ಓಟ. ಆದರೆ ಆ ಮೊದಲ ಧಾಟಿ ಇದೆಯಲ್ಲ, ಎರಡು ಕೈಯಲ್ಲಿ ಒಂದೇ ಹಾಡು, ಅಲ್ಲಿ ನಾನು ಪ್ರತಿ ಸಲವೂ ಸೋಲುತ್ತೇನೆ. 2015ರಲ್ಲಿ ಅವನ ಬಗ್ಗೆ ಜರ್ಮನಿಯವರು ಒಂದು ಸಾಕ್ಷ್ಯಚಿತ್ರ ಮಾಡಿದರು. ಅದರಲ್ಲಿ ಅವನು ವಾದ್ಯವೃಂದದ ಒಬ್ಬೊಬ್ಬರನ್ನೂ ಹಿಡಿದು ಅಪ್ಪಿಕೊಳ್ಳುತ್ತಾನೆ. ದಾರಿಯಲ್ಲಿ ಹೋಗುವವರನ್ನೂ. ಮೊದಲು ಅವರ ಮೈ ಬಿಗಿಯಾಗುತ್ತದೆ, ಆಮೇಲೆ ಸಡಿಲವಾಗುತ್ತದೆ. ಆ ಸಡಿಲವಾಗುವ ಗಳಿಗೆಯನ್ನು ನಾನು ನಿಲ್ಲಿಸಿ ನಿಲ್ಲಿಸಿ ನೋಡಿದೆ.

ಪ್ರತಿಭೆ ಇದ್ದದ್ದಕ್ಕೆ ಅವನಿಗೆ ಜಾಗ ಸಿಕ್ಕಿತು, ಇಲ್ಲದಿದ್ದರೆ? ಈ ಪ್ರಶ್ನೆ ನನ್ನನ್ನು ತುಂಬಾ ಕಾಡಿದೆ. ದುಂಬಿಯ ಹಾರಾಟ ನುಡಿಸಲು ಬರದಿದ್ದರೆ ಆ ಬಾರಿನವರು ಅವನನ್ನು ಮಳೆಗೇ ತಳ್ಳುತ್ತಿದ್ದರೇನೋ. ನನ್ನ ಮಾವ ಹೆಲ್ಫ್‌ಗಾಟ್ ಅಲ್ಲ. ಕಿವಿಗೆ ಬಿದ್ದ ಹಾಡನ್ನು ಬೆರಳಿಗೆ ತಂದುಕೊಳ್ಳುವ ಸಾವಿರಾರು ಜನರಲ್ಲಿ ಒಬ್ಬ. ಅವನನ್ನು ನೋಡಿ ಯಾರೂ ಎದ್ದು ನಿಲ್ಲುವುದಿಲ್ಲ. ಅಂಥವನ ಬಗ್ಗೆ ಸಿನಿಮಾ ಬರುವುದಿಲ್ಲ. ಆದರೆ ಬೀಗ ಬಿದ್ದದ್ದು ಇಬ್ಬರಿಗೂ ಒಂದೇ ಥರ.

ಸಿನಿಮಾ ನೋಡಿದ ವಾರವೇ ನಾನು ಅಟ್ಟ ಹತ್ತಿದೆ. ಈ ಸಲವೂ ಏಣಿ ಹಿಡಿದುಕೊಂಡಿದ್ದು ಅಮ್ಮನೇ. ಏನೂ ಹೇಳಲಿಲ್ಲ. ಸೀರೆ ಬಿಚ್ಚಿದರೆ ಧೂಳಿನ ಜೊತೆ ಇಲಿ ಕಡಿದ ಚೂರುಗಳು ಉದುರಿದವು. ತಿದಿಯ ಮಡಿಕೆಯಲ್ಲಿ ಎರಡು ತೂತು. ಮೂರು ಸ್ವರ ಮೂಗಾಗಿದ್ದವು. ರಿಪೇರಿಗೆ ಕೊಟ್ಟೆ. ಹದಿನೈದು ದಿನ ಹಿಡಿಯಿತು.

ತಂದು ಆ ಚೌಕದ ಮೇಲೆ ಇಟ್ಟಾಗ ಮಾವ ಹತ್ತಿರ ಬರಲಿಲ್ಲ. ಎರಡು ದಿನ ದೂರದಿಂದಲೇ ನೋಡಿದ. ಮೂರನೇ ದಿನ ಬಂದು ಕೂತ. ಬಲಗೈ ಕೀಗಳ ಮೇಲೆ ಇಟ್ಟ. ಅದು ತನ್ನ ಜಾಗ ಹುಡುಕಿಕೊಂಡಿತು. ಎಡಗೈಯನ್ನು ಹಿಂದಕ್ಕೆ ಚಾಚಿ ತಿದಿ ಹಿಡಿದ. ಆಗಲಿಲ್ಲ. ಇಷ್ಟು ವರ್ಷದ ಮಾತ್ರೆಯಿಂದ ಅವನ ಕೈ ನಡುಗುತ್ತದೆ. ಎಡಗೈಯಲ್ಲಿ ಅದು ಜಾಸ್ತಿ. ಗಾಳಿ ಒಂದೇ ಸಮ ಬಾರದೆ ಸ್ವರ ಅಲ್ಲಾಡಿತು, ನಿಂತಿತು. ಅವನು ಎರಡು ಕೈಯನ್ನೂ ಮಡಿಲಲ್ಲಿ ಇಟ್ಟುಕೊಂಡ. "ಆಗಲ್ಲ, ಆಗಲ್ಲ, ಆಗಲ್ಲ" ಅಂದ.

ನಾನು ಹೋಗಿ ಎದುರಿಗೆ ಕೂತೆ. ತಿದಿ ಹಿಡಿದು ಒತ್ತತೊಡಗಿದೆ. ಮೊದಮೊದಲು ಜೋರಾಯಿತು. "ಮೆಲ್ಲಗೆ, ಮೆಲ್ಲಗೆ ಕಣೋ" ಅಂದ. ಮೆಲ್ಲಗೆ ಮಾಡಿದೆ. ಅವನ ಬಲಗೈ ಮತ್ತೆ ಮೇಲೆ ಬಂತು. ಒಂದು ಸಾಲು ನುಡಿಸಿದ. ಅದನ್ನೇ ಇನ್ನೊಮ್ಮೆ ನುಡಿಸಿದ. ಅದನ್ನೇ ಮತ್ತೊಮ್ಮೆ. ಅಮ್ಮ ಒಳಗೆ ಮಾಡುತ್ತಿದ್ದ ಕೆಲಸ ಬಿಟ್ಟು ಬಾಗಿಲಿಗೆ ಬಂದು ನಿಂತಳು. ಮುಕ್ಕಾಲು ಗಂಟೆ ಆ ಒಂದೇ ಸಾಲು ನಡೆಯಿತು. ನನ್ನ ತೋಳು ನೋಯತೊಡಗಿತ್ತು. ಕೈ ಬದಲಾಯಿಸಿಕೊಂಡು ಒತ್ತುತ್ತಲೇ ಇದ್ದೆ.